ಐದನೇ ಗೇರು ಬಂತು, ಸಂಕ್ರಾಂತಿಗೆ ಎರಡು ದಿನ ಇರುವಾಗ

12 ಜನವರಿ 2025, ಭಾನುವಾರ
ಮಂಡ್ಯ

ಕೈ ಮೂರು ಸಲ ತೊಳೆದೆ. ಮೊದಲು ಸೋಪು, ಆಮೇಲೆ ಡೀಸೆಲ್, ಆಮೇಲೆ ಮತ್ತೆ ಸೋಪು. ಗೇರ್ ಆಯಿಲ್ ವಾಸನೆ ಮಾತ್ರ ಹೋಗಲಿಲ್ಲ. ಅವ್ವ ಅವರೆಕಾಳು ಹಿತಕುತ್ತಾ ಕೂತಿದ್ದಳು. ನಾನೂ ಕೈ ಹಾಕೋಣ ಅಂತ ಹೋದರೆ, "ಆ ಕೈಯಲ್ಲಿ ಮುಟ್ಟಬ್ಯಾಡ, ಅತ್ಲಾಗ್ ಹೋಗ್ಲಾ" ಅಂದಳು. ಸರಿ, ಬರೆಯೋಕೆ ಕೂತೆ.

ಗಾಡಿ ಇವತ್ತು ಮನೆಗೆ ಬಂತು. 1989ರ ಮಹೀಂದ್ರ ಡೀಸೆಲ್ ಜೀಪು, ಹಿಂದೆ ತೊಟ್ಟಿ ಇರೋದು. ಪ್ಯೂಜೊ ಇಂಜಿನ್, 2112 ಸಿಸಿ. ನನಗಿಂತ ಎರಡು ವರ್ಷ ದೊಡ್ಡದು. ಆಲೆಮನೆಯಿಂದ ಎಪಿಎಂಸಿಗೆ ಬೆಲ್ಲ ಹೊರುವುದೇ ಅದರ ಕೆಲಸ. ಇಂಜಿನ್ ಬಗ್ಗೆ ದೂರಿಲ್ಲ. ತೊಂದರೆ ಇದ್ದದ್ದು ಗೇರ್ ಬಾಕ್ಸಿನಲ್ಲಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಮೂರನೇ ಗೇರು ತಾನಾಗೇ ಕಳಚಿಕೊಳ್ಳುತ್ತಿತ್ತು. ಅಪ್ಪ ಎಡಗಾಲಿನ ಮೊಣಕಾಲನ್ನ ಲಿವರ್‌ಗೆ ಒತ್ತಿ ಹಿಡಿದು ಓಡಿಸೋದು ಕಲಿತಿದ್ದರು. ಅವರನ್ನ ನೋಡಿ ನಾನೂ ಕಲಿತೆ. ದೀಪಾವಳಿ ಆದಮೇಲೆ ಗ್ಯಾರೇಜಿನ ಮೇಸ್ತ್ರಿ ಬಾಕ್ಸ್ ಬಿಚ್ಚಿ, ಒಳಗೆ ಗೇರುಗಳನ್ನ ಹೊರುವ ಲೇ ಶಾಫ್ಟ್ ಕೂರುವ ತೂತಿಗೆ ನನ್ನ ಬೆರಳು ಹಾಕಿಸಿದರು. ದುಂಡಗಿರಬೇಕಾದದ್ದು ಮೊಟ್ಟೆ ಆಕಾರ ಆಗಿತ್ತು. ಹೊರಗಿನ ಕೇಸೇ ಸವೆದ ಮೇಲೆ ಒಳಗೆ ಹೊಸ ಗೇರು ಹಾಕಿ ಏನು ಪ್ರಯೋಜನ?

ಅದೇ ಕಂಪನಿಯ ಆಮೇಲಿನ ಗಾಡಿಗಳಲ್ಲಿ ಬಂದ ಐದು ಗೇರಿನ ಬಾಕ್ಸ್ ಹಾಕೋಣ ಅಂತ ತೀರ್ಮಾನ ಆಯಿತು. ಅಪ್ಪನಿಗೆ ಮನಸ್ಸಿರಲಿಲ್ಲ. "ನಾಕೇ ಸಾಲ್ದೇನ್ಲಾ? ಐದನೇದ್ ಹಾಕ್ಕೊಂಡು ಎಲ್ಲಿಗ್ ಓಡ್ಬೇಕು?"

ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಟೊಮ್ಯಾಟಿಕ್ಕೇ ಹಾಕಿಬಿಡಿ ಅಂದ. ಮೇಸ್ತ್ರಿ ನಗಲಿಲ್ಲ, ಕೂರಿಸಿ ಹೇಳಿದರು. ಈಗಿನ ಆಟೊಮ್ಯಾಟಿಕ್‌ನಲ್ಲಿ ಗೇರು ಬದಲಾಯಿಸೋದು ಎಣ್ಣೆಯ ಒತ್ತಡ. ಆ ಎಣ್ಣೆಯ ದಾರಿ ತೆಗೆದು ಮುಚ್ಚೋದು ಸೊಲೆನಾಯ್ಡ್ ಅನ್ನೋ ಕರೆಂಟಿನ ವಾಲ್ವು. ಅದಕ್ಕೆ ಹೇಳೋದು ಒಂದು ಕಂಪ್ಯೂಟರ್. ಕಂಪ್ಯೂಟರ್ರಿಗೆ ಇಂಜಿನ್ ಎಷ್ಟು ಸುತ್ತುತ್ತಿದೆ, ಕಾಲು ಎಷ್ಟು ಒತ್ತಿದೆ ಅಂತ ಗೊತ್ತಾಗಬೇಕು. "ನಿಮ್ ಇಂಜಿನ್ನಿಗೆ ಇರೋ ವೈರು ಹೀಟರ್ ಪ್ಲಗ್ಗಿಗೆ ಹೋಗೋದೊಂದೇ. ಅದು ಕಂಪ್ಯೂಟರ್ ಜೊತೆ ಏನ್ ಮಾತಾಡ್ತದೆ?" ಹುಡುಗ ಸುಮ್ಮನಾದ.

ಬಾಕ್ಸ್ ಸಿಕ್ಕಿದ್ದು ಮೈಸೂರಿನ ಒಂದು ಗುಜರಿಯಲ್ಲಿ. ಮೇಸ್ತ್ರಿ ಕೈಚೀಲದಲ್ಲಿ ನಮ್ಮ ಕ್ಲಚ್ ಪ್ಲೇಟ್ ಇಟ್ಟುಕೊಂಡು ಬಂದಿದ್ದರು. ರೇಟು ಕೇಳೋಕೆ ಮುಂಚೆ ಅದನ್ನ ತೆಗೆದು ಬಾಕ್ಸಿನ ಇಂಜಿನ್ ಕಡೆಯ ಇನ್‌ಪುಟ್ ಶಾಫ್ಟಿನ ಹಲ್ಲಿಗೆ ಹಾಕಿ ನೋಡಿದರು. ಕೂರಲಿಲ್ಲ. ಹೊಸ ಗಾಡಿಯ ಪ್ಲೇಟ್ ತಗೋಬೇಕು ಅಂತ ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಚಾಕ್‌ಪೀಸಿನಿಂದ ಎರಡೂ ತುದಿಗೆ ಗೆರೆ ಎಳೆದು, ಐದನೇ ಗೇರಿಗೆ ಹಾಕಿ, ಇನ್‌ಪುಟ್ ತುದಿಯನ್ನ ಕೈಯಲ್ಲೇ ಹತ್ತು ಸುತ್ತು ತಿರುಗಿಸಿದರು. ನಾನು ಆ ಕಡೆ ಕೂತು ಎಣಿಸಿದೆ. ಹನ್ನೆರಡಕ್ಕೆ ಕೂದಲೆಳೆ ಕಮ್ಮಿ. ಅಂದರೆ ಆ ಕಡೆ ಒಂದು ಸುತ್ತು ಬರೋಕೆ ಇಂಜಿನ್ ಕಡೆ ಸುಮಾರು 0.84 ಸುತ್ತು ಸಾಕು.

ರಾತ್ರಿ ಲೆಕ್ಕ ಹಾಕಿದೆ. ಹಿಂದಿನ ಆಕ್ಸಲ್‌ನಲ್ಲಿರೋ ದೊಡ್ಡ ಗೇರು ಕ್ರೌನ್, ನಮ್ಮದಕ್ಕೆ 43 ಹಲ್ಲು. ಅದನ್ನ ತಿರುಗಿಸೋ ಪುಟ್ಟ ಗೇರು ಪಿನಿಯನ್, ಅದಕ್ಕೆ 8. ಚಕ್ರ ಒಂದು ಸುತ್ತು ಬರೋಕೆ ಬಾಕ್ಸಿನಿಂದ ಹಿಂದಕ್ಕೆ ಹೋಗೋ ಶಾಫ್ಟು 5.38 ಸುತ್ತು ಬರಬೇಕು. ಗಂಟೆಗೆ 60 ಕಿಲೋಮೀಟರ್‌ನಲ್ಲಿ ನಾಲ್ಕನೇ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 2,450 ಸುತ್ತು ಸುತ್ತುತ್ತದೆ. ಐದರಲ್ಲಿ 2,050 ಸಾಕು. ನಾನೂರು ಸುತ್ತಿನ ಕಿರುಚಾಟ ತಪ್ಪಿತು ಅಲ್ವಾ?

"ಓಡ್ತಿದ್ದ ಬಾಕ್ಸು ಸಾರ್, ಹಂಗೇ ಎತ್ತಿ ಹಾಕೊಳ್ಳಿ" ಅಂದಿದ್ದ ಗುಜರಿಯವನು. ಹದಿನಾಲ್ಕು ಸಾವಿರ ಎಣಿಸಿಕೊಂಡ. ನನಗೂ ಹಾಗೇ ಹಾಕಿಬಿಡೋ ಆಸೆ ಇತ್ತು. ಕಬ್ಬು ಅರೆಯೋ ಕಾಲ, ಬಾಡಿಗೆ ಗಾಡಿಗೆ ದಿನಾ ದುಡ್ಡು ಸುರಿಯುತ್ತಿತ್ತು. ಮೇಸ್ತ್ರಿ ಒಪ್ಪಲಿಲ್ಲ. "ಓಡ್ತಿತ್ತು, ಸರಿ ಗೌಡ್ರೆ. ಹೆಂಗೆ ಓಡ್ತಿತ್ತು ಅಂತ ಅವನು ಹೇಳಿದ್ನಾ?"

ಎಣ್ಣೆ ಇಳಿಸಿದರು. ಬಿಸಿಲಿಗೆ ಹಿಡಿದರೆ ಬಾಂಡ್ಲಿಯೊಳಗೆ ಅರಿಶಿನ ಕದಡಿದ ಹಾಗೆ ಚಿನ್ನದ ಹೊಳಪು. ಬೋಲ್ಟಿನ ಮ್ಯಾಗ್ನೆಟ್ಟಿಗೆ ಕಪ್ಪು ಪೇಸ್ಟ್ ಅಂಟಿಕೊಂಡಿದ್ದರೆ ಹೆದರಬೇಕಾಗಿಲ್ಲವಂತೆ, ಅದು ಕಬ್ಬಿಣದ ಸಾಮಾನ್ಯ ಸವೆತ. ಈ ಹೊಳಪು ಮ್ಯಾಗ್ನೆಟ್ಟಿಗೆ ಅಂಟೋದಿಲ್ಲ. ಇದು ಹಿತ್ತಾಳೆ. ಗೇರು ಬೀಳುವಾಗ ಎರಡೂ ಕಡೆಯ ವೇಗ ಸಮ ಮಾಡೋ ಸಿಂಕ್ರೊ ರಿಂಗ್ ಸವೆದು ಬಂದದ್ದು.

ರಿಂಗ್ ಹೇಗೆ ನೋಡಬೇಕು ಅಂತ ಆವತ್ತು ಕಲಿತೆ. ರಿಂಗನ್ನ ಗೇರಿನ ಕೋನ್ ಮೇಲೆ ಕೂರಿಸಿ ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ರಿಂಗಿನ ಹಲ್ಲಿಗೂ ಗೇರಿನ ಹಲ್ಲಿಗೂ ನಡುವೆ ಸಂದು ಉಳಿಯುತ್ತದೆ. ಅದರೊಳಗೆ ಫೀಲರ್ ಗೇಜ್, ಅಂದರೆ ಸಂದು ಅಳೆಯೋ ತೆಳು ಉಕ್ಕಿನ ಪಟ್ಟಿ, ತೂರಿಸಬೇಕು. ಹೊಸದಾದರೆ ಒಂದು ಮಿಲಿಮೀಟರಿನ ಆಸುಪಾಸು ಸಿಗಬೇಕು, ಅರ್ಧಕ್ಕಿಂತ ಕಮ್ಮಿ ಬಂದರೆ ಎಸೆಯಬೇಕು. ಇದು ಮೇಸ್ತ್ರಿ ಲೆಕ್ಕ. ಮೂರನೇ ಗೇರಿನಲ್ಲಿ 0.3ರ ಪಟ್ಟಿಯೇ ಬಿಗಿಯಾಗಿ ಹೋಯಿತು. ಒಳಮೈಯಲ್ಲಿ ಕೂದಲಿನಷ್ಟು ಸಣ್ಣ ಗೆರೆಗಳಿರುತ್ತವೆ. ಕೋನ್ ಮೇಲಿನ ಎಣ್ಣೆಯ ಪದರ ಕತ್ತರಿಸಿ ಹಿಡಿತ ಕೊಡೋದು ಅವೇ. ಹೊಸ ರಿಂಗಿಗೆ ಉಗುರು ಆಡಿಸಿದರೆ ಬಾಚಣಿಗೆ ಹಾಗೆ ಕರಕರ ಅನ್ನುತ್ತದೆ. ಇದರಲ್ಲಿ ಉಗುರು ನುಣ್ಣಗೆ ಜಾರಿತು.

ಯಾರೋ ವರ್ಷಗಟ್ಟಲೆ ಕ್ರೌನ್ ಆಯಿಲ್ಲನ್ನೇ ಬಾಕ್ಸಿಗೂ ಸುರಿದಿರಬೇಕು ಅಂತ ಮೇಸ್ತ್ರಿ ಅನುಮಾನ. ಕ್ರೌನಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು, ಅಲ್ಲಿ ಹಲ್ಲು ಹಲ್ಲಿನ ಮೇಲೆ ಉಜ್ಜಿಕೊಂಡು ಓಡುತ್ತದೆ. ಅದರೊಳಗಿನ ಗಂಧಕದ ಮದ್ದು ಹಿತ್ತಾಳೆಗೆ ಒಳ್ಳೆಯದಲ್ಲ, ಜಾರಿಕೆಯೂ ಜಾಸ್ತಿ. ಹಾಗಾಗಿ ನಮ್ಮ ಬಾಕ್ಸಿಗೆ ಜಿಎಲ್-4. ನಾಲ್ಕು ರಿಂಗು, ಎಲ್ಲಾ ಬೇರಿಂಗು, ಸೀಲು ಹೊಸದು. ಇನ್ನೊಂದು ಒಂಬತ್ತು ಸಾವಿರ. ಗುಜರಿಯವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ.

ಕೂರಿಸೋದು ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಇಂಜಿನ್ನಿಗೂ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಬೋಲ್ಟು ಸರಿಯಾಗಿ ಬಂದವು. ತಕರಾರು ಎಲ್ಲಾ ಚಿಲ್ಲರೆ ಸಾಮಾನಿನಲ್ಲಿ. ಇನ್‌ಪುಟ್ ಶಾಫ್ಟಿನ ಮೂತಿ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿರುವ ಬುಷ್ ಅನ್ನೋ ಲೋಹದ ಕೊಳವೆಯೊಳಗೆ ಕೂರಬೇಕು. ಹೊಸ ಶಾಫ್ಟಿನ ಮೂತಿ ಸಣ್ಣ. ಹಳೆ ಬುಷ್ ತೆಗೆಯೋಕೆ ಹಿಂದಿನಿಂದ ಹೊಡೆಯೋ ಹಾಗಿಲ್ಲ, ತೂತು ಅಲ್ಲಿ ಮುಚ್ಚಿದೆ. ಮೇಸ್ತ್ರಿ ಬುಷ್ಷಿನ ತುಂಬಾ ಗ್ರೀಸ್ ಮೆತ್ತಿ, ಅದಕ್ಕೆ ಸರಿಯಾಗಿ ಕೂರುವ ರಾಡ್ ಇಟ್ಟು ಸುತ್ತಿಗೆಯಲ್ಲಿ ಹೊಡೆದರು. ಗ್ರೀಸಿಗೆ ಹೋಗೋಕೆ ಜಾಗ ಇಲ್ಲ, ಬುಷ್ಷಿನ ಹಿಂದೆ ನುಗ್ಗಿ ಅದನ್ನೇ ತಳ್ಳಿಕೊಂಡು ಬಂತು. ಐದನೇ ಏಟಿಗೆ ಪುಳಕ್ ಅಂತ ಈಚೆಗೆ. "ಗ್ರೀಸ್ ಇಲ್ದಿದ್ರೆ ಮುದ್ದೆ ಮೆತ್ತುದ್ರೂ ಬತ್ತದೆ" ಅಂತ ಗ್ಯಾರೇಜಿನ ಹುಡುಗನಿಗೆ ಹೇಳಿದರು. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ಲೇತಿನಲ್ಲಿ ಗನ್‌ಮೆಟಲ್ ಬುಷ್ ಕಡೆಸಿ ಹಾಕಿದೆವು.

ಬಾಕ್ಸ್ ಏರಿಸುವಾಗ ಕೊನೆಯ ಅರ್ಧ ಇಂಚು ನಿಂತುಬಿಟ್ಟಿತು. ನಾನು ಬೋಲ್ಟ್ ಹಾಕಿ ಎಳೆಯೋಕೆ ಹೋದೆ, ಬೈಸಿಕೊಂಡೆ. ಹಾಗೆ ಎಳೆದರೆ ಕ್ಲಚ್ ಪ್ಲೇಟ್ ಬಗ್ಗಿಹೋಗುತ್ತದಂತೆ. ಗೇರಿಗೆ ಹಾಕಿ ಹಿಂದಿನ ಫ್ಲೇಂಜನ್ನ ಒಂಚೂರು ತಿರುಗಿಸಿದರು. ಹಲ್ಲು ಹಲ್ಲಿಗೆ ಸಿಕ್ಕಿ ಜರ್ರನೆ ಒಳಗೆ ಹೋಯಿತು.

ಹೊಸ ಬಾಕ್ಸ್ ನಾಲ್ಕು ಇಂಚು ಉದ್ದ. ಕೆಳಗೆ ಅದನ್ನ ಹೊರುವ ಅಡ್ಡಪಟ್ಟಿ, ಕ್ರಾಸ್ ಮೆಂಬರ್, ಹಿಂದಕ್ಕೆ ಸರಿಸಬೇಕಾಯಿತು, ಹಿಂದಿನ ಆಕ್ಸಲ್‌ಗೆ ಹೋಗೋ ಪ್ರೊಪೆಲ್ಲರ್ ಶಾಫ್ಟ್ ಅಷ್ಟೇ ಗಿಡ್ಡ ಮಾಡಿಸಬೇಕಾಯಿತು. ಇಲ್ಲಿ ಒಂದು ವಾರ ಹಾಳು. ಶಾಫ್ಟ್ ಬಂತು, ಹಾಕಿದೆವು, 40 ದಾಟಿದರೆ ಗಾಡಿ ನಡುಗೋಕೆ ಶುರು. ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡು ಬಸ್ಸಾಗಿ ಕಾಣುತ್ತಿತ್ತು. ಲೇತಿನವನು ಬ್ಯಾಲೆನ್ಸ್ ಮಾಡಿದ್ದೀನಿ ಅಂತ ವಾದ ಮಾಡಿದ. ಮಾಡಿದ್ದನೇನೋ. ಆದರೆ ಪೈಪ್ ಕತ್ತರಿಸುವ ಮುಂಚೆ ಗುರುತು ಹಾಕಿರಲಿಲ್ಲ. ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್ ಜಾಯಿಂಟ್, ಓರೆಯಾಗಿ ತಿರುಗುವಾಗ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಾಗಿ ಎರಡು ಸಲ ಕಮ್ಮಿಯಾಗುತ್ತದೆ. ಆ ಕಡೆಯ ಕ್ರಾಸ್ ಅದನ್ನ ಸರಿದೂಗಿಸಬೇಕು. ಅದಾಗಬೇಕಾದರೆ ಶಾಫ್ಟಿನ ಎರಡೂ ತುದಿಯ ಕವಲು ಒಂದೇ ನೇರದಲ್ಲಿರಬೇಕು. ನಮ್ಮದು ಬೆರಳಗಲ ಓರೆಯಾಗಿ ವೆಲ್ಡ್ ಆಗಿತ್ತು. ಮತ್ತೆ ಕತ್ತರಿಸಿ, ಮತ್ತೆ ವೆಲ್ಡ್. ಎರಡನೇ ಸಲ ದುಡ್ಡು ಕೇಳಲಿಲ್ಲ, ಅಷ್ಟು ಮಟ್ಟಿಗೆ ಮರ್ಯಾದಸ್ಥ.

ಬೆಳಿಗ್ಗೆ ಮೇಲುಕೋಟೆವರೆಗೆ ಹೋಗಿ ಬಂದೆವು. ತೊಟ್ಟಿಯಲ್ಲಿ ಮರಳಿನ ಮೂಟೆ. ಜಕ್ಕನಹಳ್ಳಿ ಆದಮೇಲಿನ ಏರಿನಲ್ಲಿ ಮೂರನೇ ಗೇರು ಸುಮ್ಮನೆ ಎಳೆಯಿತು. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟೆ. ನನ್ನ ಮೊಣಕಾಲು ತಾನಾಗೇ ಲಿವರ್ ಹತ್ತಿರ ಹೋಗಿತ್ತು. ಮೇಸ್ತ್ರಿ ತೊಡೆಗೆ ಒಂದು ಏಟು ಕೊಟ್ಟು "ಕಾಲ್ ತೆಗೀರಿ" ಅಂದರು. ತೆಗೆದೆ. ಗೇರು ಕದಲಲಿಲ್ಲ.

ಸ್ಪೀಡೋಮೀಟರ್ ಮಾತ್ರ ಸುಳ್ಳು ಹೇಳುತ್ತಿದೆ. ಅದು 60 ತೋರಿಸಿದಾಗ ಫೋನಿನ ಜಿಪಿಎಸ್‌ನಲ್ಲಿ 47. ಆ ಬಾಕ್ಸ್ ಇದ್ದ ಗಾಡಿಯ ಕ್ರೌನ್ ಬೇರೆ ಇರಬೇಕು. ಬಾಕ್ಸಿನಲ್ಲಿ ಮೀಟರಿನ ಕೇಬಲ್ ತಿರುಗಿಸೋ ಪ್ಲಾಸ್ಟಿಕ್ ಗೇರನ್ನ ಜಾಸ್ತಿ ಹಲ್ಲಿನದಕ್ಕೆ ಬದಲಾಯಿಸಿದರೆ ಸರಿಹೋಗುತ್ತದೆ. ಹಬ್ಬ ಆಗಲಿ.

ಸಂಜೆ ಅಪ್ಪ ಓಡಿಸಿದರು, ಆಲೆಮನೆಯಿಂದ ಮನೆಗೆ. ಪ್ರತಿ ಗೇರಿಗೂ ಎರಡೆರಡು ಸಲ ಕ್ಲಚ್ ಒತ್ತಿದರು, ಹಳೆ ಅಭ್ಯಾಸ. ನಾಲ್ಕಕ್ಕೆ ಬಂದು ನಿಲ್ಲಿಸಿಬಿಟ್ಟರು. "ಐದಕ್ಕೆ ಹಾಕಪ್ಪ" ಅಂದೆ. "ಇರ್ಲಿ ಬುಡ್ಲಾ, ಅದನ್ನ ನೀನೇ ಮಡಿಕ್ಕೋ."

ಬಾಕ್ಸಿನ ಕೆಳಗೆ ಹಳೇ ಪೇಪರ್ ಹಾಸಿ ಬಂದಿದ್ದೇನೆ. ಹಿಂದಿನ ಸೀಲ್ ಸೋರಿದೆಯೋ ಇಲ್ಲವೋ ಬೆಳಿಗ್ಗೆ ನೋಡಬೇಕು.