ಎರಡು ಟರ್ಬೊ ಇಳಿಸಿ ಒಂದನ್ನು ಕೂರಿಸುವ ಕೆಲಸ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಲೇತ್ ಮತ್ತು ಆರ್ಗಾನ್ ವೆಲ್ಡಿಂಗ್ ಶೆಡ್ಡಿಗೆ ಸಾಮಾನ್ಯವಾಗಿ ಬರುವುದು ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಹಬ್ಬು, ಅಡಿಕೆ ಸುಲಿಯುವ ಯಂತ್ರದ ರೋಲರು ಇಂಥವು. ಈ ವರ್ಷ ಗೆಳೆಯರೊಬ್ಬರ ರೇಸ್ ಕಾರಿನ ಟೊಯೊಟಾ 2ಜೆಝಡ್-ಜಿಟಿಇ ಎಂಜಿನ್ನು ಬಂದಿತು. ಅದರ ಎರಡು ಟರ್ಬೊಗಳನ್ನು (ಹೊಗೆಯ ರಭಸಕ್ಕೆ ಟರ್ಬೈನ್ ಚಕ್ರ ತಿರುಗಿ, ಅದೇ ಶಾಫ್ಟಿನ ಕಂಪ್ರೆಸರು ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಳಿಸಿ ದೊಡ್ಡದೊಂದನ್ನು ಕೂರಿಸಬೇಕಿತ್ತು. ಎರಡಿದ್ದದ್ದು ಒಂದಾದರೆ ಕೆಲಸವೂ ಅರ್ಧವಾಗಬೇಕಲ್ಲವೇ ಎಂದು ನೋಡಲು ಬಂದವರೆಲ್ಲ ಕೇಳಿದರು. ಬಿಡಿಭಾಗಗಳು ಕಡಿಮೆಯಾಗುವುದು ನಿಜ. ಆದರೆ ಅವು ಮಾಡುತ್ತಿದ್ದ ಕೆಲಸ ಹಾಗೆಯೇ ಉಳಿಯುತ್ತದೆ, ಮತ್ತು ಅದನ್ನು ಬೇರೆ ಕಡೆ ಹೊಂದಿಸುವುದರಲ್ಲೇ ಸಮಯವೆಲ್ಲ ಹೋಗುತ್ತದೆ.

ಇದು 2997 ಸಿಸಿಯ, ಸಾಲಾಗಿ ಆರು ಸಿಲಿಂಡರುಗಳಿರುವ, ಎರಕದ ಕಬ್ಬಿಣದ ಬ್ಲಾಕಿನ ಎಂಜಿನ್ನು. 1993ರಿಂದ 2002ರವರೆಗೆ ತಯಾರಾದ ಸುಪ್ರಾ ಕಾರಿನಿಂದ ಹೆಸರಾಯಿತು. ಇದರ ಎರಡು ಟರ್ಬೊಗಳು ಆರಂಭದಿಂದಲೇ ಒಟ್ಟಿಗೆ ದುಡಿಯುವುದಿಲ್ಲ. ಕಡಿಮೆ ವೇಗದಲ್ಲಿ ಹೊಗೆಯೆಲ್ಲ ಮೊದಲನೆಯದರ ಕಡೆಗೇ ಹರಿಯುವುದರಿಂದ ಆ ಚಿಕ್ಕ ಟರ್ಬೈನು ಬೇಗನೆ ತಿರುಗಿ ಪಿಕಪ್ ಕೊಡುತ್ತದೆ. ಸುಮಾರು 4000 ಆರ್‌ಪಿಎಂ ಹೊತ್ತಿಗೆ ವಾಲ್ವುಗಳು ತೆರೆದುಕೊಂಡು ಎರಡನೆಯದೂ ಸೇರಿಕೊಳ್ಳುತ್ತದೆ. ಚೆನ್ನಾಗಿರುವಾಗ ಇದು ಜಾಣ ವ್ಯವಸ್ಥೆಯೇ. ವಯಸ್ಸಾದ ಮೇಲೆ ರಬ್ಬರ್ ಹೋಸುಗಳು ಬಿರಿಯುತ್ತವೆ, ವಾಲ್ವುಗಳು ಹಿಡಿದುಕೊಳ್ಳುತ್ತವೆ. ಜಪಾನಿನ ಮಾರುಕಟ್ಟೆಯ ಎಂಜಿನ್ನಿನಲ್ಲಂತೂ ಟರ್ಬೈನ್ ಚಕ್ರ ಸೆರಾಮಿಕ್‌ನದು, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಹೆಚ್ಚಿಸಿದರೆ ಒಡೆಯುವ ಭಯವಿದೆ. ಜನ ಒಂದೇ ಟರ್ಬೊದ ಮೊರೆ ಹೋಗುವುದು ಹೆಚ್ಚಿನ ಶಕ್ತಿಗಾಗಿ ಮಾತ್ರವಲ್ಲ, ಈ ತಲೆನೋವಿನಿಂದ ಪಾರಾಗಲೂ ಹೌದು.

ಯಾವ ಅಳತೆಯ ಟರ್ಬೊ ಎಂಬುದು ಮೊದಲ ಜಗಳ. ದೊಡ್ಡದು ಮೇಲಿನ ವೇಗದಲ್ಲಿ ಧಾರಾಳವಾಗಿ ಗಾಳಿ ಕೊಡುತ್ತದೆ, ಆದರೆ ಎಚ್ಚೆತ್ತುಕೊಳ್ಳಲು ತಡಮಾಡುತ್ತದೆ. ನಮ್ಮ ಊರಿನ ಎತ್ತರವೂ ಈ ಲೆಕ್ಕದೊಳಗೆ ಬರುತ್ತದೆ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ ಸುಮಾರು 92 ಕಿಲೊಪ್ಯಾಸ್ಕಲ್. ಚೆನ್ನೈಯಲ್ಲಿ ಅದು 101ರ ಆಸುಪಾಸು. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೆ ಒಟ್ಟು 200 ಕಿಲೊಪ್ಯಾಸ್ಕಲ್ ಬೇಕೆಂದರೆ ಅಲ್ಲಿ ಕಂಪ್ರೆಸರು ಒತ್ತಡವನ್ನು 1.98 ಪಟ್ಟು ಏರಿಸಿದರೆ ಸಾಕು, ಇಲ್ಲಿ 2.17 ಪಟ್ಟು ಏರಿಸಬೇಕು. ಅಂದರೆ ಅದೇ ಟರ್ಬೊ ಇಲ್ಲಿ ಇನ್ನಷ್ಟು ವೇಗವಾಗಿ ತಿರುಗಿ ಗಾಳಿಯನ್ನು ಇನ್ನಷ್ಟು ಬಿಸಿಮಾಡುತ್ತದೆ. ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ವಾಲ್ವಾದ ವೇಸ್ಟ್‌ಗೇಟಿನ ಸ್ಪ್ರಿಂಗು ಹೊರಗಿನ ಗಾಳಿಯ ಒತ್ತಡಕ್ಕೆ ಹೋಲಿಸಿ ಕೆಲಸ ಮಾಡುವುದರಿಂದ, 1 ಬಾರ್ (100 ಕಿಲೊಪ್ಯಾಸ್ಕಲ್) ಸ್ಪ್ರಿಂಗು ಇಲ್ಲಿ ಒಟ್ಟು 192ಕ್ಕೆ ತೆರೆದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ 201ಕ್ಕೆ ತೆರೆಯುತ್ತದೆ. ಇಲ್ಲಿ ಕೂತು ಇಸಿಯು (ಎಂಜಿನ್ನಿನ ಕಂಪ್ಯೂಟರು) ಹೊಂದಿಸಿದವನು ಅದರ ಕೋಷ್ಟಕದಲ್ಲಿ ಎಂದೂ ಮುಟ್ಟದ ಸಾಲಿನಲ್ಲಿ ಎಂಜಿನ್ನು ಅಲ್ಲಿ ಓಡುತ್ತಿರುತ್ತದೆ. ಆ ಸಾಲಿನಲ್ಲಿ ಪೆಟ್ರೋಲ್ ಕಡಿಮೆಯಿದ್ದು ಇಗ್ನಿಷನ್ ಮುಂದಿದ್ದರೆ (ಕಿಡಿ ಬೇಗ ಹೊತ್ತಿದರೆ) ನಾಕಿಂಗ್, ಅಂದರೆ ಪೆಟ್ರೋಲ್-ಗಾಳಿಯ ಮಿಶ್ರಣ ತಾನಾಗಿ ಸಿಡಿಯುವುದು, ಶುರುವಾಗಿ ಪಿಸ್ಟನ್ನಿಗೆ ಪೆಟ್ಟು ಬೀಳುತ್ತದೆ.

ಹೊಗೆಯನ್ನು ಟರ್ಬೊಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡು ನಮ್ಮದೇ ಕೆಲಸ, ಆದ್ದರಿಂದ ಅದರ ಬಗ್ಗೆ ತುಸು ಹೆಚ್ಚು ಹೇಳುತ್ತೇನೆ. ಫೈರಿಂಗ್ ಕ್ರಮ (ಸಿಲಿಂಡರುಗಳು ಉರಿಯುವ ಸರದಿ) 1-5-3-6-2-4 ಆಗಿರುವುದರಿಂದ ಮುಂದಿನ ಮೂರು ಸಿಲಿಂಡರುಗಳನ್ನು ಒಂದು ಗುಂಪಾಗಿಯೂ ಹಿಂದಿನ ಮೂರನ್ನು ಇನ್ನೊಂದು ಗುಂಪಾಗಿಯೂ ಟ್ವಿನ್ ಸ್ಕ್ರಾಲ್ ಟರ್ಬೈನಿನ ಎರಡು ಬಾಯಿಗಳಿಗೆ ಬೇರೆಬೇರೆಯಾಗಿ ಒಯ್ದರೆ, ಒಂದರ ಹೊಗೆ ಇನ್ನೊಂದಕ್ಕೆ ಅಡ್ಡಬರುವುದಿಲ್ಲ. ಕಳೆದುಕೊಂಡ ಪಿಕಪ್ಪಿನ ಒಂದು ಪಾಲು ಹಿಂತಿರುಗುತ್ತದೆ. ಕಷ್ಟವಿರುವುದು ಬಿಸಿಯಲ್ಲಿ. ಅರ್ಧ ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ 800 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ, ಆದರೆ ಸಿಲಿಂಡರ್ ಹೆಡ್ಡಿಗೆ ಬೋಲ್ಟ್ ಮಾಡಿದ ದಪ್ಪ ಪಟ್ಟಿ, ಅಂದರೆ ಫ್ಲ್ಯಾಂಜು, ಅಷ್ಟು ಬಿಸಿಯಾಗುವುದಿಲ್ಲ. ಈ ಎಳೆದಾಟದಲ್ಲಿ ಸೋಲುವುದು ವೆಲ್ಡಿಂಗ್ ಸಾಲು. ಅದಕ್ಕಾಗಿ ಸಿಲಿಂಡರುಗಳ ನಡುವೆ ಫ್ಲ್ಯಾಂಜನ್ನು ಸೀಳಿದೆವು, ಟರ್ಬೊದ ಭಾರವನ್ನು ಬ್ಲಾಕಿಗೆ ಕಟ್ಟಿದ ಬ್ರಾಕೆಟ್ಟು ಹೊರುವಂತೆ ಮಾಡಿದೆವು. ಗೆಳೆಯರ ಕಾರು ಬಲಬದಿ ಸ್ಟಿಯರಿಂಗಿನದು, ಈ ಎಂಜಿನ್ನಿನ ಹೊಗೆ ಹೊರಬರುವುದೂ ಬಲಬದಿಗೇ. ಸ್ಟಿಯರಿಂಗ್ ಶಾಫ್ಟು, ಬ್ರೇಕ್ ಮಾಸ್ಟರ್ ಸಿಲಿಂಡರು ಎಲ್ಲ ಅದೇ ಮಗ್ಗುಲಲ್ಲಿರುವಾಗ ಎಡಬದಿ ಸ್ಟಿಯರಿಂಗಿಗೆಂದು ಅಮೆರಿಕದಲ್ಲಿ ಮಾಡಿದ ಕಿಟ್ಟನ್ನು ತಂದು ಹಾಗೆಯೇ ಜೋಡಿಸುತ್ತೇವೆಂಬ ಆಸೆ ಬಿಡುವುದು ಲೇಸು.

ಎಲ್ಲರೂ ಕಡೆಗಣಿಸುವುದು ಆಯಿಲ್ ವಾಪಸು ಬರುವ ಕೊಳವೆಯನ್ನು. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಶಾಫ್ಟಿನ ಸುತ್ತ ಹಾದುಬಂದ ಆಯಿಲ್ಲು ಕಾಯಿಸಿದ ಹಾಲಿನ ಹಾಗೆ ನೊರೆಗಟ್ಟಿರುತ್ತದೆ. ಅದು ಕೆಳಗಿಳಿಯುವುದು ತನ್ನ ಭಾರದಿಂದಲೇ, ಪಂಪಿನಿಂದಲ್ಲ. ಕೊಳವೆ ಅಗಲವಾಗಿರಬೇಕು, ಎಲ್ಲಿಯೂ ತಗ್ಗಿ ಮತ್ತೆ ಏರಬಾರದು, ಆಯಿಲ್ ಚೇಂಬರನ್ನು ಸೇರುವ ಬಾಯಿ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ದೊಡ್ಡ ಟರ್ಬೊವನ್ನು ಜಾಗ ಸಾಲದೆ ಕೆಳಗೆ ಕೂರಿಸಿದರೆ ಈ ಇಳಿಜಾರೇ ಸಿಗುವುದಿಲ್ಲ. ಟರ್ಬೊದೊಳಗೆ ಆಯಿಲ್ಲನ್ನು ತಡೆಯುವುದು ರಬ್ಬರ್ ಸೀಲಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಉಂಗುರ. ಆಯಿಲ್ಲು ಒಳಗೆ ನಿಂತರೆ ಅದು ತಡೆಯಲಾರದು, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಆಗ ಹೊಸ ಟರ್ಬೊವನ್ನೇ ಕೆಟ್ಟದ್ದೆಂದು ತೀರ್ಮಾನಿಸಿ ಇನ್ನೊಂದನ್ನು ಕೊಳ್ಳುವವರಿದ್ದಾರೆ.

ಇಂಜೆಕ್ಟರು, ಪೆಟ್ರೋಲ್ ಪಂಪು, ಇಂಟರ್‌ಕೂಲರು, ಕ್ಲಚ್ಚು ಇವೆಲ್ಲ ಬದಲಾಗಬೇಕಾದವೇ, ಆದರೆ ಅವು ಹಣದ ಪ್ರಶ್ನೆ; ತಲೆ ಕೆಡಿಸುವಂಥವಲ್ಲ.

ಈ ಕಾರು ಟ್ರ್ಯಾಕಿಗೆ ಹೋಗುವುದು ಇನ್ನೊಂದು ಗಾಡಿಯ ಮೇಲೆ. ರಸ್ತೆಯ ಕಾರಿಗೂ ಹೀಗೆ ಮಾಡಿಕೊಡಿ ಎಂದು ಕೇಳುವ ಹುಡುಗರಿಗೆ ನಾನು ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕಾನೂನು ಹಾಗಿರಲಿ, ಊರೊಳಗೆ ಹಂಪಿನಿಂದ ಹಂಪಿಗೆ ಎರಡನೇ ಗೇರಿನಲ್ಲಿ ತೆವಳುವ ಕಾರಿನಲ್ಲಿ 4500 ಆರ್‌ಪಿಎಂ ದಾಟಿದ ಮೇಲೆ ಎಚ್ಚರಗೊಳ್ಳುವ ಟರ್ಬೊದಿಂದ ಏನು ಪ್ರಯೋಜನ ಎಂದು ಕೇಳುತ್ತೇನೆ. ಹಳೆಯ ಜೋಡಿ ಟರ್ಬೊ ಇರುವವರಿಗೆ ಮಾತ್ರ, ಹೋಸುಗಳನ್ನೆಲ್ಲ ಸಿಲಿಕೋನ್‌ನವಕ್ಕೆ ಬದಲಾಯಿಸಿ ವಾಲ್ವುಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿ ಎಂದು ಹೇಳಿ ಕಳಿಸುತ್ತೇನೆ.