ಮೊದಲು ಕೀವು ಹೊರಗೆ, ಆಮೇಲೆ ಆಪರೇಷನ್

ಸಿಟಿ ಸ್ಕ್ಯಾನ್ ನೋಡಿದ ಸರ್ಜನ್ "ಈಗಲೇ ಆಪರೇಷನ್ ಬೇಡ" ಅಂದಾಗ ನನಗೆ ಸಮಾಧಾನವಾಗಲಿಲ್ಲ, ಸಿಟ್ಟೇ ಬಂತು. ಹೊಟ್ಟೆಯ ಎಡಗಡೆ ಕೆಳಭಾಗ ಮುಟ್ಟಿದರೆ ಜೀವ ಹೋಗುವಷ್ಟು ನೋವು, ಮೇಲೆ ಚಳಿಜ್ವರ. ಒಳಗೆ ಕೀವು ತುಂಬಿದೆ ಅಂತ ಗೊತ್ತಿದ್ದೂ ಕಾಯುವುದೇ?

ಅವರು ಕೂತು ವಿವರಿಸಿದರು. ದೊಡ್ಡ ಕರುಳಿನ ಗೋಡೆ ಸಡಿಲವಾದ ಕಡೆ ಪುಟ್ಟ ಚೀಲಗಳು ಹೊರಕ್ಕೆ ಉಬ್ಬುತ್ತವೆ. ವಯಸ್ಸಾದಂತೆ ಬಹಳ ಜನರಲ್ಲಿ ಇವು ಇರುತ್ತವೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನನ್ನಲ್ಲಿ ಒಂದು ಚೀಲ ಊದಿಕೊಂಡು ತೂತಾಗಿತ್ತು. ಇದೇ ಡೈವರ್ಟಿಕ್ಯುಲೈಟಿಸ್. ಸೋರಿದ್ದು ಹರಡದಂತೆ ದೇಹವೇ ಸುತ್ತ ಗೋಡೆ ಕಟ್ಟಿತ್ತು. ಕೀವುಗಡ್ಡೆ 3 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಸಾಕು. ನನ್ನದು ಅದಕ್ಕಿಂತ ತುಂಬಾ ದೊಡ್ಡದು.

ಊದಿದ ಕರುಳನ್ನು ಕತ್ತರಿಸಿ ಆಗಲೇ ಜೋಡಿಸಿದರೆ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಜಾಸ್ತಿ. ಅದಕ್ಕೇ ತುರ್ತು ಆಪರೇಷನ್‌ನಲ್ಲಿ ಎಷ್ಟೋ ಸಲ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಹೋಗಲು ಚೀಲ ಅಂಟಿಸುತ್ತಾರೆ. ಕೀವು ಹೊಟ್ಟೆಯೆಲ್ಲ ಹರಡಿದ್ದರೆ ಕಾಯುವ ಮಾತೇ ಇರುತ್ತಿರಲಿಲ್ಲ. ನನಗೆ ಕಾಯಲು ಅವಕಾಶವಿತ್ತು. ಅದು ಎಷ್ಟು ದೊಡ್ಡ ಅದೃಷ್ಟ ಅಂತ ಆಗ ಅರ್ಥವಾಯಿತು.

ಮೊದಲು ಕೀವು ಹೊರತೆಗೆಯಲು ಸ್ಕ್ಯಾನ್ ಮೇಜಿನ ಮೇಲೆಯೇ ಮಲಗಿಸಿದರು. ಚರ್ಮ ಮರಗಟ್ಟಿಸುವ ಇಂಜೆಕ್ಷನ್. "ಉಸಿರು ಹಿಡಿಯಿರಿ, ಈಗ ಬಿಡಿ." ಚಿತ್ರ ನೋಡುತ್ತಾ ಸೂಜಿ ಒಳಗೆ ಹೋಯಿತು, ಅದರ ಮೂಲಕ ತಂತಿ, ತಂತಿಯ ಮೇಲೆ ಸಪೂರ ನಳಿಕೆ. ಜಾರಿ ಬರದಂತೆ ಅದರ ತುದಿ ಹಂದಿಬಾಲದ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಒತ್ತಿದಂತೆ ಅನಿಸಿತು, ಆಮೇಲೆ ಕೊಳೆತ ವಾಸನೆ. ಅಷ್ಟು ಕೆಟ್ಟ ವಾಸನೆಗೆ ನಾನು ಅಷ್ಟು ಖುಷಿಪಟ್ಟಿದ್ದು ಅದೊಂದೇ ಸಲ! ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡಲು ಸ್ವಲ್ಪ ಕೀವು ಲ್ಯಾಬ್‌ಗೆ ಹೋಯಿತು. ಜ್ವರ ಇಳಿಯತೊಡಗಿತು.

ನಳಿಕೆಯ ಜೊತೆಗೇ ಮನೆಗೆ ಬಂದೆ. ಕಟ್ಟಿಕೊಳ್ಳದಿರಲಿ ಅಂತ ಸಲೈನ್ ಹಾಯಿಸುವುದು, ಬಂದದ್ದನ್ನು ಅಳೆದು ಬರೆಯುವುದು ನನ್ನ ಕೆಲಸ. ಮಗ್ಗುಲು ಬದಲಿಸಿದರೆ ಎಳೆಯುತ್ತಿತ್ತು. ದಿನಕ್ಕೆ 10 ಮಿ.ಲೀ.ಗಿಂತ ಕಡಿಮೆಯಾಗಿ, ಸ್ಕ್ಯಾನ್‌ನಲ್ಲೂ ಗಡ್ಡೆ ಕುಗ್ಗಿದ್ದು ಕಂಡ ಮೇಲೆ ತೆಗೆದರು.

ಕೆಲವು ವಾರ ಬಿಟ್ಟು ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ನಳಿಕೆ ಹಾಯಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ. ಊತ ಇರುವಾಗ ಮಾಡಿದರೆ ಕರುಳು ಹರಿಯಬಹುದು. ಆದರೆ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಕೂಡ ಹೀಗೇ ಕಾಣಬಹುದು, ಹಾಗಾಗಿ ಬಿಡುವಂತಿಲ್ಲ.

ಹೀಗೆ ನಳಿಕೆಯಿಂದ ಕೀವು ತೆಗೆಸಿಕೊಂಡವರಿಗೆಲ್ಲ ಆಪರೇಷನ್ ಆಗಲೇಬೇಕು ಅಂತಿಲ್ಲ. ನನಗೆ ನೋವು ಮರುಕಳಿಸಿತು, ಅದಕ್ಕೇ ಒಪ್ಪಿದೆ. ಸಣ್ಣ ರಂಧ್ರಗಳಿಂದಲೇ ಕೆಟ್ಟ ಭಾಗ ತೆಗೆದು, ಮೇಲಿನ ಕರುಳನ್ನು ಗುದನಾಳಕ್ಕೆ ಜೋಡಿಸಿದರು. ಎಚ್ಚರವಾದ ಕೂಡಲೇ ಕೈ ಹೊಟ್ಟೆಯ ಮೇಲೆ ಹೋಯಿತು. ಮಲದ ಚೀಲ ಇರಲಿಲ್ಲ. ಆಮೇಲೆ ಬಂದ ಬಯಾಪ್ಸಿ ವರದಿಯಲ್ಲೂ ಕ್ಯಾನ್ಸರ್ ಇರಲಿಲ್ಲ.