ಡಿಸೈನ್ ಓದಲು ಡೆಲ್ಫ್ಟ್‌ಗೆ ಬರುವ ಮೊದಲು ಕಬ್ಬಿನ ಗದ್ದೆಗೆ ಹೋಗಿ

ಮೈಸೂರು, ಮಂಡ್ಯದಲ್ಲಿ ಮೆಕ್ಯಾನಿಕಲ್ ಮುಗಿಸಿ ನೆದರ್ಲೆಂಡ್ಸ್‌ನಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಓದಬೇಕು ಅನ್ನುವವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಕಲಿಯಬೇಕು ಅಂತ. ನಮ್ಮ ಹುಡುಗ ಹುಡುಗಿಯರಿಗೆ ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ವಿನ್ಯಾಸ ಬಿಡಿಸುವುದು, ಚೆನ್ನಾಗಿಯೇ ಬರುತ್ತೆ. ಕೊರತೆ ಇರೋದು ಬಳಸುವವರನ್ನು ಗಮನಿಸುವುದರಲ್ಲಿ, ಕೈಯಾರೆ ಮಾಡೆಲ್ ಮಾಡುವುದರಲ್ಲಿ.

ಅಲ್ಲಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಡಿಸೈನ್ ಎಂ.ಎಸ್ಸಿ. ಎರಡು ವರ್ಷ, 120 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 28 ಗಂಟೆ ಕೆಲಸ. ಕೊನೆಯ ಪ್ರಾಜೆಕ್ಟ್ ಒಂದೇ 30 ಕ್ರೆಡಿಟ್, ಅಂದರೆ 840 ಗಂಟೆ. ಅಷ್ಟು ಹೊತ್ತು ಒಂದೇ ಸಮಸ್ಯೆಯ ಜತೆ ಕೂರುವ ಅಭ್ಯಾಸ ಊರಲ್ಲೇ ಶುರುವಾಗಲಿ.

ಕಬ್ಬು ಕಡಿಯುವ ಮಚ್ಚನ್ನೇ ತಗೊಳ್ಳಿ. ಬುಡಕ್ಕೇ ಕಡಿಯಬೇಕು, ಸಕ್ಕರೆ ಅಂಶ ಹೆಚ್ಚಿರೋದು ಅಲ್ಲೇ. ಎತ್ತರದಲ್ಲಿ ಕಡಿದರೆ ಕೂಳೆಯೂ (ಉಳಿದ ಬುಡದಿಂದ ಬರುವ ಮರು ಬೆಳೆ) ಚೆನ್ನಾಗಿ ಚಿಗುರಲ್ಲ. ಹಾಗಾಗಿ ಕೂಲಿಯವರು ದಿನವಿಡೀ ಬಗ್ಗಿಯೇ ಇರುತ್ತಾರೆ. ಹಿಡಿ ಉದ್ದ ಮಾಡಿದರೆ ಸೊಂಟಕ್ಕೆ ಸುಖ, ಆದರೆ ಏಟಿನ ಗುರಿ ತಪ್ಪುತ್ತೆ. ಈ ಎಳೆದಾಟವೇ ನಿಮ್ಮ ಪ್ರಾಜೆಕ್ಟ್. ಕಡಿಯುವುದು, ಸೋಗೆ ಸುಲಿಯುವುದು, ತುದಿ ಸವರುವುದು: ಪ್ರತಿ ಹಂತದಲ್ಲೂ ಮಣಿಕಟ್ಟು ಹೇಗೆ ತಿರುಗುತ್ತೆ ಅಂತ ಪಕ್ಕದಿಂದ ವಿಡಿಯೋ ಮಾಡಿ. ಕಡಿಯುವವರ ಅಂಗೈ ಅಗಲ ಅಳೆಯಿರಿ, ಹೆಂಗಸರದ್ದೂ ಸೇರಿಸಿ. ಡಚ್ಚರ ದೇಹದ ಅಳತೆ ಇಲ್ಲಿ ನಡೆಯಲ್ಲ. ಭಾರತೀಯರ ಅಳತೆಗಳನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) 1997ರಲ್ಲೇ ಪುಸ್ತಕವಾಗಿ ತಂದಿದೆ. ಬಿಗಿಯಾಗಿ ಹಿಡಿಯುವ ಹಿಡಿಗೆ 30ರಿಂದ 45 ಮಿ.ಮೀ. ವ್ಯಾಸ ಸಾಮಾನ್ಯ, 30, 35, 40ರ ಮೂರು ಮಾಡೆಲ್ ಮಾಡಿ ಅವರ ಕೈಗೇ ಕೊಡಿ. ಪರೀಕ್ಷೆಗೆ ಅಲಗು ಬೇಡ, ತೂಕ ಕಟ್ಟಿದರೆ ಸಾಕು.

ಮಾಡೆಲ್‌ಗೆ ಥರ್ಮಾಕೋಲ್ ಬೇಡ. ಉಜ್ಜಿದರೆ ಕಾಳು ಕಾಳಾಗಿ ಉದುರುತ್ತೆ. ತಾರಸಿಗೆ ಶಾಖ ತಡೆಯಲು ಹಾಕುವ ಎಕ್ಸ್‌ಪಿಎಸ್ ಅನ್ನುವ ಗಟ್ಟಿ ಫೋಮ್ ಹಲಗೆ ಕೇಳಿ. ಮೇಲಿನ ನೋಟ, ಪಕ್ಕದ ನೋಟ ಎರಡನ್ನೂ 1:1 ಪ್ರಿಂಟ್ ತೆಗೆದು ಅಂಟಿಸಿ, ಬಿಸಿ ತಂತಿಯಲ್ಲಿ ಕತ್ತರಿಸಿ. ಕಿಟಕಿ ತೆಗೆದಿರಲಿ, ಆ ಹೊಗೆ ಒಳ್ಳೆಯದಲ್ಲ. ತಂತಿಯನ್ನು ಒತ್ತಿ ತಳ್ಳಿದರೆ ನಡುವೆ ಬಾಗಿ, ಒಳಗಿನ ಕಡಿತ ಗೆರೆ ತಪ್ಪುತ್ತೆ. ಅದು ಕರಗಿಸಿಕೊಂಡು ಹೋದಷ್ಟೇ ವೇಗ ಸಾಕು. ಆಮೇಲೆ 120, 240, 400 ನಂಬರಿನ ಮರಳು ಕಾಗದದಲ್ಲಿ ಉಜ್ಜಿ.

ಹೆಚ್ಚಿನವರ ಮಾಡೆಲ್ ಹಾಳಾಗೋದು ಇದರ ನಂತರ. ಫೆವಿಕ್ವಿಕ್ಕೂ ಸ್ಪ್ರೇ ಪೇಂಟೂ ಎಕ್ಸ್‌ಪಿಎಸ್ಸನ್ನು ತಿಂದುಹಾಕುತ್ತವೆ. ಅಂಟಿಸಲು ಫೆವಿಕಾಲ್ ತೆಳ್ಳಗೆ ಹಚ್ಚಿ ರಾತ್ರಿಯಿಡೀ ಬಿಡಿ. ದಪ್ಪಗೆ ಹಚ್ಚಿದರೆ ಫೋಮ್ ನಡುವೆ ನೀರು ಆರದೆ ಹಸಿಯಾಗೇ ಉಳಿಯುತ್ತೆ. ಬಣ್ಣಕ್ಕೆ ನೀರಿನ ಅಕ್ರಿಲಿಕ್.

ಪೋರ್ಟ್‌ಫೋಲಿಯೋದಲ್ಲಿ (ನಿಮ್ಮ ಕೆಲಸಗಳ ಸಂಗ್ರಹದಲ್ಲಿ) ಪ್ಲಾಸ್ಟಿಕ್ ಹಿಡಿ ಅಂತ ಬರೆದರೆ, ಅದನ್ನು ನೋಡುವವರು ಅಚ್ಚಿನ ಲೆಕ್ಕ ಕೇಳೇ ಕೇಳುತ್ತಾರೆ. ಹಿಡಿಯ ಗೋಡೆಯ ದಪ್ಪ 2ರಿಂದ 3 ಮಿ.ಮೀ., ಅಚ್ಚಿನಿಂದ ಬಿಡಿಸಿಕೊಳ್ಳಲು 1ರಿಂದ 2 ಡಿಗ್ರಿ ಇಳಿಜಾರು. ಬಲಕ್ಕೆ ಒಳಗೆ ಕೊಡುವ ಪಟ್ಟಿಯ (ರಿಬ್) ದಪ್ಪ ಗೋಡೆಯ ದಪ್ಪದ ಶೇ. 60 ದಾಟಿದರೆ ಆ ಜಾಗ ನಿಧಾನ ತಣ್ಣಗಾಗಿ ಹೊರಮೈ ಕುಳಿ ಬೀಳುತ್ತೆ. ಮೈಸೂರಿನ ಮೇಟಗಳ್ಳಿ, ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ, ಮೋಲ್ಡಿಂಗ್ ಮಾಡುವ ಕಡೆ ಅರ್ಧ ದಿನ ನಿಂತು ನೋಡಿ.

ಪೋರ್ಟ್‌ಫೋಲಿಯೋದಲ್ಲಿ ಕೈಬಿಟ್ಟ ಮಾಡೆಲ್‌ಗಳ ಫೋಟೋ ಇರಲಿ, ಯಾಕೆ ಬಿಟ್ಟಿರಿ ಅನ್ನುವ ಒಂದು ಸಾಲಿನ ಜತೆ. ಮಿರುಗುವ ರೆಂಡರ್‌ಗೆ ಒಂದೇ ಪುಟ ಸಾಕು.